ತಟ್ಟೆಯ ಮುಂದೆಯೂ ಹಾಜರಾತಿ ಬೇಕು

‘ಹಲೋ’ಗೆ ಕನ್ನಡದಲ್ಲಿ ಏನನ್ನಬೇಕು ಎಂದು ಯಾರಾದರೂ ಕೇಳಿದರೆ ನಾನು ‘ನಮಸ್ಕಾರ’ ಎನ್ನುವುದಿಲ್ಲ, ‘ಊಟ ಆಯ್ತಾ?’ ಎನ್ನುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನೆಂಟರು, ಫೋನ್ ಎತ್ತಿದ ಅವ್ವ, ಹಾಸ್ಟೆಲ್ ಗೇಟಿನ ಬಳಿ ಕೂತಿರುವ ಸೆಕ್ಯುರಿಟಿ ಅಂಕಲ್, ಎಲ್ಲರ ಮಾತೂ ಶುರುವಾಗುವುದು ಅಲ್ಲಿಂದಲೇ. ಕಲಬುರಗಿಯ ನನ್ನ ರೂಮ್‌ಮೇಟ್ ‘ಊಟ ಆತೇನು?’ ಎನ್ನುತ್ತಾಳೆ. ಉಡುಪಿ ಕಡೆಯ ಗೆಳತಿ ಅದಕ್ಕೊಂದು ‘ಮಾರಾಯ್ತಿ’ ಸೇರಿಸುತ್ತಾಳೆ. ನಮ್ಮ ಚಿತ್ರದುರ್ಗದ ಹಳ್ಳಿಗಳಲ್ಲಿ ‘ಉಂಡ್ಯಾ?’ ಅಂದರೆ ಮುಗಿಯಿತು, ಯೋಗಕ್ಷೇಮವೆಲ್ಲ ಅದರಲ್ಲೇ ಬಂತು.

ಈ ಪ್ರಶ್ನೆಗೆ ಜೋಡಿಯಾಗಿ ಇನ್ನೊಂದು ಪ್ರಶ್ನೆ ಇರುತ್ತದೆ. ಮುದ್ದೆ ಉಣ್ಣುವ ಸೀಮೆಯಲ್ಲಿ ಅದು ‘ಏನ್ ಸಾರು?’. ಮೊದಲನೆಯದಕ್ಕೆ ನಾವೆಲ್ಲ ಈಗಲೂ ಥಟ್ಟನೆ ಉತ್ತರ ಕೊಡುತ್ತೇವೆ. ಎರಡನೆಯದಕ್ಕೆ ತಡವರಿಸುತ್ತೇವೆ. ನಮ್ಮ ಮೆಸ್‌ನಿಂದ ಆಗಷ್ಟೇ ಕೈ ತೊಳೆದು ಹೊರಬಂದವರನ್ನು ‘ಇವತ್ತು ಏನು ಪಲ್ಯ ಇತ್ತು?’ ಎಂದು ಕೇಳಿ ನೋಡಿ. ‘ಏನೋ ಇತ್ತು ಕಣೇ, ಹಸಿರು ಹಸಿರಾಗಿತ್ತು’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಅದೇ ಹುಡುಗಿಗೆ ಊಟದ ಹೊತ್ತಿನಲ್ಲಿ ನೋಡಿದ ಸೀರೀಸ್‌ನ ಕತೆ ಡೈಲಾಗ್ ಸಮೇತ ನೆನಪಿರುತ್ತದೆ.

ಮೆಸ್‌ನ ಒಂದೊಂದು ಟೇಬಲ್ ಮೇಲೂ ನೀರಿನ ಜಗ್‌ಗೆ ಒರಗಿಸಿದ ಫೋನ್ ಇರುತ್ತದೆ. ಬಲಗೈ ತಟ್ಟೆಯಲ್ಲಿ, ಎಡಗೈ ಸ್ಕ್ರೀನಿನ ಮೇಲೆ. ಕಣ್ಣು ಯಾವ ಕಡೆ ಇದೆ ಎಂದು ಹೇಳಬೇಕಿಲ್ಲ. ಕಿವಿಗೆ ಇಯರ್‌ಬಡ್ ಇರುವುದರಿಂದ ‘ಇನ್ನೊಂದು ಸೌಟು ಸಾರು ಹಾಕ್ಲಾ?’ ಎಂದು ಅಡುಗೆಯ ಅಕ್ಕ ಎರಡೆರಡು ಸಲ ಕೇಳಬೇಕು. ಪ್ರತಿ ವಿಷಯದಲ್ಲೂ ಶೇ 85ರಷ್ಟು ಹಾಜರಾತಿ ಇರಬೇಕೆಂಬ ವಿಟಿಯು ನಿಯಮಕ್ಕೆ ಹೆದರಿ ಜ್ವರ ಬಂದರೂ ತರಗತಿಗೆ ಓಡುವ ನಾವು, ದಿನಕ್ಕೆ ಮೂರು ಸಲ ತಟ್ಟೆಯ ಮುಂದೆ ಕೂತೂ ಗೈರುಹಾಜರಾಗುತ್ತಿದ್ದೇವೆ.

ಇದನ್ನು ಓದಿ ‘ಓ, ಇವಳೂ ಮೊಬೈಲ್ ಬೈಯುವ ಗುಂಪಿಗೆ ಸೇರಿದಳು’ ಎಂದುಕೊಳ್ಳಬೇಡಿ. ನನ್ನ ತಕರಾರು ಇರುವುದು ಬೇರೆ ಕಡೆ. ಊಟದ ಕಡೆ ಗಮನ ಕೊಡುವುದು ತೂಕ ಇಳಿಸುವ ಉಪಾಯವೋ, ದೊಡ್ಡವರು ಹೇಳಿಕೊಡುವ ಶಿಸ್ತೋ ಅಷ್ಟೇ ಎಂದು ನಾವು ತಿಳಿದಿದ್ದೇವೆ. ನನ್ನ ಪ್ರಕಾರ ಅದು ನಮ್ಮ ಹಕ್ಕು. ಆ ಹಕ್ಕನ್ನು ನಾವೇ ಬಿಟ್ಟುಕೊಟ್ಟಿರುವುದರಿಂದ ನಮಗೆ ಕೆಟ್ಟ ಊಟ ಸಿಗುತ್ತಿದೆ, ಅನ್ನ ಡ್ರಮ್ಮು ಸೇರುತ್ತಿದೆ, ನಮ್ಮ ವಯಸ್ಸಿನವರ ಬ್ಯಾಗುಗಳಲ್ಲಿ ಪೆನ್ನಿನ ಪಕ್ಕ ಅಸಿಡಿಟಿ ಮಾತ್ರೆಯ ಸ್ಟ್ರಿಪ್ಪುಗಳು ಸೇರಿಕೊಂಡಿವೆ.

ಮೊದಲು ದೇಹದ ಲೆಕ್ಕ ನೋಡೋಣ. ಅನ್ನವನ್ನು ಬಾಯಲ್ಲಿಟ್ಟು ಚೆನ್ನಾಗಿ ಅಗಿದರೆ ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ ಎಂದು ಹೈಸ್ಕೂಲಿನಲ್ಲಿ ಅಯೋಡಿನ್ ಹನಿ ಹಾಕಿ ತೋರಿಸಿದ್ದು ನೆನಪಿರಬಹುದು. ಅಂದರೆ ಜೀರ್ಣಕ್ರಿಯೆಯ ಮೊದಲ ಲ್ಯಾಬ್ ಬಾಯಿಯೇ. ರುಚಿಯ ಬಹುಪಾಲು ಕೆಲಸ ಮಾಡುವುದಂತೂ ಮೂಗು. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ತುಂಡು ಬಾಳೆಹಣ್ಣು ತಿನ್ನಿ. ಸಿಹಿ ಗೊತ್ತಾಗುತ್ತದೆ, ಬಾಳೆಹಣ್ಣು ಗೊತ್ತಾಗುವುದಿಲ್ಲ. ಮೂಗು ಬಿಟ್ಟ ಕ್ಷಣ ಅದು ಮತ್ತೆ ಬಾಳೆಹಣ್ಣಾಗುತ್ತದೆ. ಅಗಿಯುವಾಗ ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ ನಾವು ‘ರುಚಿ’ ಎಂದು ಕರೆಯುವುದರ ಅರ್ಧಕ್ಕಿಂತ ದೊಡ್ಡ ಪಾಲು. ಗಬಗಬ ನುಂಗಿದರೆ ಈ ಇಡೀ ಏರ್ಪಾಡಿಗೆ ಕೆಲಸವೇ ಇರುವುದಿಲ್ಲ.

ಇನ್ನು ಹೊಟ್ಟೆ ತುಂಬಿದ ಸುದ್ದಿ. ಜಠರ ಹಿಗ್ಗಿದ್ದನ್ನು ನರಗಳು ಮೆದುಳಿಗೆ ತಿಳಿಸಬೇಕು, ಕರುಳಿನಿಂದ ಹಾರ್ಮೋನುಗಳು ಹೊರಡಬೇಕು. ಇದಕ್ಕೆ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು. ಏಳು ನಿಮಿಷಕ್ಕೆ ಊಟ ಮುಗಿಸಿದವರಿಗೆ ‘ಸಾಕು’ ಎಂಬ ಸಂದೇಶ ಬರುವ ಹೊತ್ತಿಗೆ ಅವರು ಲ್ಯಾಬ್‌ನಲ್ಲಿ ನಿಂತು ತೇಗುತ್ತಿರುತ್ತಾರೆ.

ಗಮನದ ಪ್ರಶ್ನೆಯನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. 2013ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಕ್ಲಿನಿಕಲ್ ನ್ಯೂಟ್ರಿಷನ್’ನಲ್ಲಿ ಪ್ರಕಟವಾದ ಒಂದು ವಿಮರ್ಶೆ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಟಿ.ವಿ.ಯಂಥ ಬೇರೆಲ್ಲೋ ಗಮನವಿಟ್ಟು ತಿಂದವರು ಆ ಹೊತ್ತಿಗೆ ಸ್ವಲ್ಪ ಹೆಚ್ಚು ತಿಂದರು. ಅದಕ್ಕಿಂತ ಮುಖ್ಯವಾಗಿ, ಮುಂದಿನ ಹೊತ್ತಿನ ಊಟದಲ್ಲಿ ಇನ್ನೂ ಹೆಚ್ಚು ತಿಂದರು. ಕಾರಣ ಸರಳ. ತಿಂದದ್ದು ಹೊಟ್ಟೆಗೆ ಹೋದರೂ ನೆನಪಿಗೆ ಹೋಗಿರಲಿಲ್ಲ. ಮಧ್ಯಾಹ್ನ ಮೆಸ್‌ನಲ್ಲಿ ಉಂಡು ಬಂದ ನಮಗೆ ನಾಲ್ಕು ಗಂಟೆಗೆ ಕ್ಯಾಂಟೀನಿನ ಎಗ್ ಪಫ್ ಏಕೆ ಕರೆಯುತ್ತದೆ ಎಂಬುದಕ್ಕೆ ಇದೂ ಒಂದು ಉತ್ತರವಿರಬಹುದು.

ಹಾಗೆಂದು ಊಟದ ಬಗ್ಗೆ ಬರುವ ಪ್ರತಿ ಅಧ್ಯಯನವನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ಪ್ಲೇಟು, ಬಟ್ಟಲು, ಪಾಪ್‌ಕಾರ್ನ್ ಪೊಟ್ಟಣದ ಗಾತ್ರಗಳ ಮೇಲೆ ಪ್ರಯೋಗ ನಡೆಸಿ ಜಗತ್ಪ್ರಸಿದ್ಧರಾಗಿದ್ದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್ ಅವರ ಆರು ಪ್ರಬಂಧಗಳನ್ನು 2018ರಲ್ಲಿ ಒಂದೇ ಸಲ ಹಿಂತೆಗೆಯಲಾಯಿತು. ಅಂಕಿ ಅಂಶಗಳ ದುರ್ಬಳಕೆ ಸಾಬೀತಾಗಿ ಅವರು ಹುದ್ದೆಯನ್ನೂ ಬಿಡಬೇಕಾಯಿತು. ಗಮನವಿಟ್ಟು ಉಂಡರೆ ಇಷ್ಟು ಕೆ.ಜಿ. ಇಳಿಯುತ್ತದೆ ಎಂದು ಯಾರಾದರೂ ಆಣೆ ಮಾಡಿ ಹೇಳಿದರೆ ನಾನಂತೂ ನಂಬುವುದಿಲ್ಲ. ನನ್ನ ವಾದಕ್ಕೆ ತೂಕದ ಯಂತ್ರ ಬೇಕಾಗಿಯೂ ಇಲ್ಲ.

ಈಗ ಈ ವಿಷಯ ಮಾರುಕಟ್ಟೆಗೂ ಬಂದಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್ ಜಿನ್ ಎಂಬುವರು ಒತ್ತಡ ಕಡಿಮೆ ಮಾಡುವ ತರಬೇತಿ ಶುರು ಮಾಡಿದರು. ಅದರ ಪ್ರಸಿದ್ಧ ಪಾಠವೆಂದರೆ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ತಿನ್ನುವುದು. ವಿಯೆಟ್ನಾಮಿನ ಬೌದ್ಧ ಭಿಕ್ಷು ತಿಚ್ ನಾತ್ ಹಾನ್ ಕಿತ್ತಳೆ ತೊಳೆ ತಿನ್ನುವುದನ್ನೇ ಧ್ಯಾನವಾಗಿ ಹೇಳಿಕೊಟ್ಟರು. ಒಳ್ಳೆಯದೇ. ಆದರೆ ಅದೇ ಈಗ ಆ್ಯಪ್ ಆಗಿ, ತಿಂಗಳ ಚಂದಾ ಆಗಿ, ‘ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಿರಿ’ ಎಂಬ ರೀಲ್ಸ್ ಆಗಿ ನಮ್ಮ ಬಳಿ ಬಂದಿದೆ. ಅಗಿಯುವ ಹುಚ್ಚು ಹೊಸದೂ ಅಲ್ಲ. ನೂರು ವರ್ಷಗಳ ಹಿಂದೆ ಹೊರೇಸ್ ಫ್ಲೆಚರ್ ಎಂಬ ಅಮೆರಿಕದ ವ್ಯಾಪಾರಿ, ತುತ್ತು ನೀರಾಗುವ ತನಕ ಅಗಿಯಬೇಕೆಂದು ಪ್ರಚಾರ ಮಾಡಿ ದೊಡ್ಡ ಹೆಸರು ಮಾಡಿದ್ದ.

ಮೂವತ್ತೆರಡು ಸಲ ಅಗಿಯಿರಿ ಎನ್ನುವವರನ್ನು ಒಮ್ಮೆ ನಮ್ಮ ಮನೆಗೆ ಕರೆದು ಮುದ್ದೆ ಬಡಿಸಬೇಕೆಂದು ನನಗೆ ಆಸೆ. ಮುದ್ದೆಯನ್ನು ಅಗಿಯುವವರು ಹೊಸಬರು. ಬಿಸಿ ಮುದ್ದೆಯಿಂದ ಸಣ್ಣದೊಂದು ತುಂಡು ಮುರಿದು, ಬೆರಳಲ್ಲೇ ಉರುಟು ಮಾಡಿ, ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿಯಲು ಹೋದರೆ ಹಲ್ಲಿಗೆ ಅಂಟುತ್ತದೆ. ಹಾಗಾದರೆ ಮುದ್ದೆ ಉಣ್ಣುವವರಿಗೆ ಗಮನ ಇಲ್ಲವೇ? ಗಮನ ಇಲ್ಲದೆ ಮುದ್ದೆ ಉಣ್ಣಲು ಸಾಧ್ಯವೇ ಇಲ್ಲ! ತುತ್ತು ದೊಡ್ಡದಾದರೆ ಗಂಟಲಲ್ಲಿ ನಿಲ್ಲುತ್ತದೆ, ಬಿಸಿ ನೋಡದೆ ಮುರಿದರೆ ಬೆರಳು ಸುಡುತ್ತದೆ, ಸಾರಿಗೆ ಸರಿಯಾಗಿ ಅದ್ದದಿದ್ದರೆ ಒಳಗೆ ಇಳಿಯುವುದಿಲ್ಲ. ನನ್ನ ರೂಮ್‌ಮೇಟ್ ಊರಿನಿಂದ ತರುವ ಕಡಕ್ ಜೋಳದ ರೊಟ್ಟಿಯದು ಇದಕ್ಕೆ ತದ್ವಿರುದ್ಧ. ಅದನ್ನು ಶೇಂಗಾ ಚಟ್ನಿ, ಮೊಸರಿನ ಜತೆ ಪಟಪಟ ಮುರಿದು ಅಗಿದಷ್ಟೂ ಜೋಳದ ಸಿಹಿ ಬಿಡುತ್ತದೆ. ಮೀನಿನ ಮುಳ್ಳು ಬಿಡಿಸುವ ಉಡುಪಿಯ ಗೆಳತಿಯ ಬೆರಳುಗಳ ಗಮನವೇ ಬೇರೆ. ಒಂದೊಂದು ಊಟವೂ ತನಗೆ ಬೇಕಾದ ಗಮನವನ್ನು ತಾನೇ ಕಲಿಸುತ್ತದೆ. ಅದಕ್ಕೆ ಚಂದಾ ಕಟ್ಟಬೇಕಿಲ್ಲ, ತಟ್ಟೆ ನೋಡಿದರೆ ಸಾಕು.

ನೋಡದೇ ಇದ್ದರೆ ಏನು ಹೋಗುತ್ತದೆ? ಮೊದಲು ಪದಗಳು ಹೋಗುತ್ತವೆ. ಹಸಿ ಅವರೆಕಾಯಿಗೆ ಇರುವ ‘ಸೊಗಡು’, ಎಳೆ ಬಾಳೆಕಾಯಿಯ ‘ಒಗರು’, ಹಳೇ ಎಣ್ಣೆಯ ‘ಕಮಟು’, ತಳ ಹಿಡಿದ ಅನ್ನದ ‘ಸೀದ’ ವಾಸನೆ, ‘ಹಳಸಿದ’ ಸಾರು, ‘ಹದ’ವಾಗಿ ಬೆಂದ ಕಾಳು. ನಮ್ಮ ಅಜ್ಜಿಯರ ಬಾಯಲ್ಲಿ ಇಂಥ ಪದಗಳು ಎಷ್ಟಿವೆ! ನಮ್ಮ ಬಾಯಲ್ಲಿ ಉಳಿದಿರುವುದು ಎರಡೇ: ಒಂದೋ ‘ಸೂಪರ್’, ಇಲ್ಲವೇ ‘ವೇಸ್ಟ್’. ಇದು ಬರೀ ಭಾಷೆಯ ಚಿಂತೆಯಲ್ಲ. ಹಾಸ್ಟೆಲ್ ಊಟ ಕೆಟ್ಟು ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದ ಸುದ್ದಿಯನ್ನು ಆಗಾಗ ಓದುತ್ತಲೇ ಇರುತ್ತೇವೆ. ಕೆಟ್ಟದ್ದೆಲ್ಲ ನಾಲಿಗೆಗೆ ಗೊತ್ತಾಗುವುದಿಲ್ಲ, ನಿಜ. ಆದರೆ ಗೊತ್ತಾಗುವುದನ್ನೂ ಗೊತ್ತುಮಾಡಿಕೊಳ್ಳದೆ ನುಂಗಿದರೆ ಹೇಗೆ? ‘ಹಳಸಿದೆ’ ಎನ್ನುವ ಪದ ನಾಲಿಗೆಯ ತುದಿಯಲ್ಲಿ ಇರುವವರು ಮೊದಲ ತುತ್ತಿಗೇ ನಿಲ್ಲಿಸುತ್ತಾರೆ.

ಇಲ್ಲಿಗೆ ಬಂದಾಗ ನನ್ನ ಗೆಳತಿಯರು ಒಂದು ಬಲವಾದ ಆಕ್ಷೇಪ ಎತ್ತುತ್ತಾರೆ. ‘ನಮ್ಮ ಮೆಸ್ ಊಟಕ್ಕೆ ಗಮನ ಕೊಟ್ರೆ ತಿನ್ನೋಕೇ ಆಗಲ್ಲ ಕಣೇ. ಫೋನ್ ಇರೋದ್ರಿಂದಲೇ ಒಳಗೆ ಇಳಿಯುತ್ತೆ’ ಎನ್ನುತ್ತಾರೆ. ಅಂದರೆ ಫೋನು ಮನರಂಜನೆಯಲ್ಲ, ಅರಿವಳಿಕೆ! ಈ ಮಾತನ್ನು ನಗುತ್ತಾ ತಳ್ಳಿಹಾಕುವಂತಿಲ್ಲ. ಆದರೆ ಅರಿವಳಿಕೆ ಕೊಟ್ಟ ಮೇಲೆ ಆಪರೇಷನ್ ಆಗಬೇಕಲ್ಲವೇ? ನಾವು ಅರಿವಳಿಕೆ ಮಾತ್ರ ತೆಗೆದುಕೊಂಡು ಎದ್ದು ಬರುತ್ತಿದ್ದೇವೆ.

ನಮ್ಮ ಹಾಸ್ಟೆಲ್‌ನಲ್ಲಿ ಕಳೆದ ವರ್ಷ ನಡೆದದ್ದನ್ನು ಹೇಳುತ್ತೇನೆ. ಮೆಸ್‌ನ ದೂರು ಪುಸ್ತಕದಲ್ಲಿ ಪುಟಗಟ್ಟಲೆ ಒಂದೇ ವಾಕ್ಯವಿತ್ತು: ‘ಊಟ ಸರಿ ಇಲ್ಲ.’ ಮ್ಯಾನೇಜರ್ ಪ್ರತಿ ವಾರ ಅದರ ಕೆಳಗೆ ಸಹಿ ಹಾಕುತ್ತಿದ್ದರು. ಒಂದು ದಿನ ಅಡುಗೆಯ ಅಕ್ಕ ಬೇಸರದಿಂದ, ‘ಏನ್ ಸರಿ ಇಲ್ಲ ಅಂತ ಒಬ್ರಾದ್ರೂ ಬಿಡಿಸಿ ಹೇಳ್ರಮ್ಮ. ಉಪ್ಪಾ, ಹುಳಿಯಾ, ಬೇಳೆಯಾ?’ ಎಂದು ಕೇಳಿದರು. ಉತ್ತರ ಯಾರಲ್ಲೂ ಇರಲಿಲ್ಲ. ಅಲ್ಲಿಂದ ಮುಂದೆ ನಾವು ಏಳೆಂಟು ಜನ ದಿನಾ ತಿಂದದ್ದನ್ನು ಬಿಡಿಸಿ ಬರೆಯತೊಡಗಿದೆವು. ಎರಡು ವಾರವಾಗುವ ಹೊತ್ತಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಸಾಂಬಾರಿನ ಬೇಳೆ ಕೆಲವು ದಿನ ಬೆಣ್ಣೆಯಂತೆ ಕರಗಿರುತ್ತಿತ್ತು, ಕೆಲವು ದಿನ ಎಷ್ಟು ಕುದಿಸಿದರೂ ಗಟ್ಟಿಗಟ್ಟಿ. ಬೇಳೆಯ ಮೂಟೆ ಅದೇ, ಮಾಡುವವರೂ ಅವರೇ.

ನನ್ನ ರೂಮ್‌ಮೇಟ್ ತೊಗರಿ ಬೆಳೆಯುವ ಮನೆಯವಳು. ‘ಬ್ಯಾಳಿದಲ್ಲ ತಪ್ಪು, ನೀರಿಂದು’ ಎಂದಳು. ನೋಡಿದರೆ ಕಾವೇರಿ ನೀರು ಬಂದ ದಿನ ಬೇಳೆ ಬೇಯುತ್ತಿತ್ತು, ಬೋರ್‌ವೆಲ್ ನೀರಿನ ದಿನ ಬೇಯುತ್ತಿರಲಿಲ್ಲ. ಎರಡೂ ನೀರನ್ನು ಒಂದೊಂದು ಬಾಟಲಿ ತುಂಬಿಕೊಂಡು ಕೆಮಿಸ್ಟ್ರಿ ಲ್ಯಾಬಿಗೆ ಒಯ್ದೆವು. ಬಿಇ ಮೊದಲ ವರ್ಷದಲ್ಲಿ ಎಲ್ಲರೂ ಮಾಡುವ ಇಡಿಟಿಎ ಟೈಟ್ರೇಷನ್ ಅದು. ದ್ರಾಕ್ಷಾರಸದ ಬಣ್ಣ ನೀಲಿಗೆ ತಿರುಗಿದ ಹನಿಯಲ್ಲಿ ಬ್ಯುರೆಟ್ ಓದಬೇಕು. ರೆಕಾರ್ಡ್ ಪುಸ್ತಕಕ್ಕಾಗಿ ಮಾಡುವಾಗ ಪಕ್ಕದವರ ರೀಡಿಂಗ್ ನೋಡುವ ನಾವು ಅವತ್ತು ಮೂರು ಮೂರು ಸಲ ಮಾಡಿದೆವು. ಬೋರ್‌ವೆಲ್ ನೀರಿನ ಗಡಸುತನ ಎದ್ದು ಕಾಣುವಷ್ಟು ಹೆಚ್ಚಿತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕಾಳಿನ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಜತೆ ಬೆಸೆದುಕೊಂಡು ಅದು ಮೆತ್ತಗಾಗಲು ಬಿಡುವುದಿಲ್ಲ. ಅಕ್ಕನಿಗೆ ಈ ಹೆಸರುಗಳು ಗೊತ್ತಿಲ್ಲದಿದ್ದರೂ ವಿಷಯ ಗೊತ್ತಿತ್ತು. ಅದಕ್ಕೇ ಅವರು ಆ ದಿನಗಳಲ್ಲಿ ಅಡುಗೆ ಸೋಡಾ ಹಾಕುತ್ತಿದ್ದರು. ಸೋಡಾ ಬೇಳೆಯನ್ನು ಬೇಯಿಸುತ್ತದೆ, ಜತೆಗೆ ಅದರಲ್ಲಿರುವ ಬಿ1 ಜೀವಸತ್ವವನ್ನೂ ಹಾಳು ಮಾಡುತ್ತದೆ.

ಪರಿಹಾರಕ್ಕೆ ಖರ್ಚೇನೂ ಆಗಲಿಲ್ಲ. ಕಾವೇರಿ ನೀರು ಬಂದ ದಿನ ಒಂದು ಡ್ರಮ್ ತುಂಬಿ ಎತ್ತಿಟ್ಟು, ಬೇಳೆ ನೆನೆಸಲು ಮತ್ತು ಬೇಯಿಸಲು ಅದನ್ನೇ ಬಳಸುವುದು ಎಂದಾಯಿತು. ನಮ್ಮ ಮೆಸ್ ಊಟ ಈಗ ಅಮೃತವಾಗಿದೆ ಎಂದೇನೂ ಹೇಳುತ್ತಿಲ್ಲ. ಚಪಾತಿ ಈಗಲೂ ಎಳೆದರೆ ರಬ್ಬರ್‌ನಂತೆ ಹಿಗ್ಗುತ್ತದೆ. ಆದರೆ ಬೇಳೆ ಬೇಯುತ್ತದೆ. ಪುಟಗಟ್ಟಲೆ ‘ಊಟ ಸರಿ ಇಲ್ಲ’ದಿಂದ ಆಗದ ಕೆಲಸ ‘ಮಂಗಳವಾರ ಬೇಳೆ ಬೆಂದಿಲ್ಲ’ ಎಂಬ ಒಂದು ಸಾಲಿನಿಂದ ಆಯಿತು. ಕೇಳುವ ಹಕ್ಕು ಗಮನಿಸಿದವರಿಗೆ ಮಾತ್ರ ನಿಜವಾಗಿ ಸಿಗುತ್ತದೆ ಎಂದು ನಾನು ಹೇಳುವುದು ಇದಕ್ಕೇ. ಏನು ತಿಂದೆವೆಂದು ಗೊತ್ತಿಲ್ಲದವರಿಗೆ ಏನು ಹಾಕಿದರೂ ನಡೆಯುತ್ತದೆ ಎಂದು ಹಾಕುವವರಿಗೂ ಗೊತ್ತಿರುತ್ತದೆ.

ಹಕ್ಕಿನ ಜತೆಗೆ ಹೊಣೆಯೂ ಬರುತ್ತದೆ. ಕೈ ತೊಳೆಯುವ ಜಾಗದ ಪಕ್ಕದಲ್ಲಿರುವ ಆ ನೀಲಿ ಡ್ರಮ್ಮನ್ನು ಎಲ್ಲ ಹಾಸ್ಟೆಲ್‌ನವರೂ ಬಲ್ಲರು. ಒಂದು ಸಣ್ಣ ಲೆಕ್ಕ ಹಾಕೋಣ. 300 ಜನರಿರುವ ಹಾಸ್ಟೆಲ್‌ನಲ್ಲಿ ತಲೆಗೆ 50 ಗ್ರಾಂ, ಅಂದರೆ ಎರಡು ಮೂರು ತುತ್ತು ಅನ್ನ ಬಿಟ್ಟರೆ ಒಂದು ಹೊತ್ತಿಗೆ 15 ಕೆ.ಜಿ. ಅನ್ನ. ಅದು ಸುಮಾರು 5 ಕೆ.ಜಿ. ಅಕ್ಕಿ. 5 ಕೆ.ಜಿ. ಅಕ್ಕಿಗೆ ಏಳೂವರೆ ಕೆ.ಜಿ.ಯಷ್ಟು ಭತ್ತ ಬೇಕು. ಒಂದು ಕೆ.ಜಿ. ಭತ್ತ ಬೆಳೆಯಲು ಮಳೆ ಮತ್ತು ಕಾಲುವೆ ನೀರು ಸೇರಿ ಸರಾಸರಿ 2,500 ಲೀಟರ್ ಹಿಡಿಯುತ್ತದೆ ಎಂಬುದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಲೆಕ್ಕ. ಗುಣಿಸಿದರೆ 18,750 ಲೀಟರ್. ಆರು ಸಾವಿರ ಲೀಟರಿನ ಮೂರು ಟ್ಯಾಂಕರ್ ನೀರನ್ನು ಒಂದೇ ಮಧ್ಯಾಹ್ನ ಆ ನೀಲಿ ಡ್ರಮ್ಮಿಗೆ ಸುರಿದಂತಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಒಂದು ಟ್ಯಾಂಕರ್‌ಗಾಗಿ ಜನ ಹೇಗೆ ಪರದಾಡಿದರು ಎಂಬುದನ್ನು ಕಂಡವರು ನಾವು. ಕಾವೇರಿಗಾಗಿ ಸ್ಟೇಟಸ್ ಹಾಕುವವರೂ ನಾವೇ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರವನ್ನು ಪೋಲು ಮಾಡಿದೆ. ಬಳಕೆದಾರರ ತನಕ ಬಂದ ಆಹಾರದಲ್ಲಿ ಸುಮಾರು ಐದನೇ ಒಂದು ಭಾಗ ಅದು. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ ಪಾಲು. ಶೇ 28ರಷ್ಟು ಹೋಟೆಲ್, ಮೆಸ್‌ಗಳಂಥ ಕಡೆಯದು. ಯಾರೂ ಬೇಕೆಂದೇ ಅನ್ನ ಚೆಲ್ಲುವುದಿಲ್ಲ. ನೋಡದೆ ಹಾಕಿಸಿಕೊಳ್ಳುತ್ತಾರೆ, ನೋಡದೆ ಎದ್ದು ಹೋಗುತ್ತಾರೆ.

ಇನ್ನೊಂದು ಆಕ್ಷೇಪ ನಮ್ಮ ಸೋಮಾರಿತನಕ್ಕಿಂತ ದೊಡ್ಡದು: ಟೈಮ್ ಎಲ್ಲಿದೆ? ಅನೇಕ ಎಂಜಿನಿಯರಿಂಗ್ ಕಾಲೇಜುಗಳ ಟೈಮ್ ಟೇಬಲ್‌ನಲ್ಲಿ ಊಟದ ಬಿಡುವು ಮುಕ್ಕಾಲು ಗಂಟೆ. ನಮ್ಮಲ್ಲೂ ಅಷ್ಟೇ. ಕ್ಲಾಸಿನಿಂದ ಹಾಸ್ಟೆಲ್‌ಗೆ ಹತ್ತು ನಿಮಿಷ, ಸಾಲಿನಲ್ಲಿ ಹದಿನೈದು ನಿಮಿಷ, ವಾಪಸ್ ಹೋಗಲು ಹತ್ತು ನಿಮಿಷ. ಉಳಿದದ್ದು ಹತ್ತೇ ನಿಮಿಷ! ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟುವ ಮೊದಲೇ ಮಧ್ಯಾಹ್ನದ ಲ್ಯಾಬಿನ ಹಾಜರಿ ಕೂಗಿರುತ್ತಾರೆ. ಇಂಥ ಟೈಮ್ ಟೇಬಲ್ ಮಾಡಿಟ್ಟು, ವರ್ಷಕ್ಕೊಮ್ಮೆ ಸೆಮಿನಾರ್ ಹಾಲ್‌ನಲ್ಲಿ ‘ಆರೋಗ್ಯಕರ ಜೀವನಶೈಲಿ’ ಉಪನ್ಯಾಸ ಏರ್ಪಡಿಸಿದರೆ ಏನು ಬಂತು?

ಸಮಯದ ಮಾತು ಬಂದಾಗ ಅದು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದೂ ಕೇಳಬೇಕು. ‘ನಮ್ಮ ಹಿರಿಯರು ಎಷ್ಟು ಚೆನ್ನಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೌನವಾಗಿ ಉಣ್ಣುತ್ತಿದ್ದರು’ ಎಂದು ಹಲವರು ಬರೆಯುತ್ತಾರೆ. ಆ ಚಿತ್ರದಲ್ಲಿ ಬಡಿಸುತ್ತಿದ್ದವರು ಯಾರು, ಅವರು ಯಾವಾಗ ಉಂಡರು ಎಂದು ಯಾರೂ ಬರೆಯುವುದಿಲ್ಲ. ನಮ್ಮ ಅವ್ವ ಬಿಸಿ ಮುದ್ದೆ ಉಂಡದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಮುದ್ದೆ ಇರುವುದೇ ಬಿಸಿಯಲ್ಲಿ ಉಣ್ಣಲು, ಆರಿದರೆ ಗಟ್ಟಿಯಾಗುತ್ತದೆ. ಎಲ್ಲರದ್ದೂ ಮುಗಿದ ಮೇಲೆ, ಪಾತ್ರೆಯ ತಳದಲ್ಲಿ ಉಳಿದ ಸಾರು ಬಳಿದುಕೊಂಡು, ಒಂದು ಕಿವಿಯನ್ನು ಹೊರಗೆ ಕಟ್ಟಿದ ಎಮ್ಮೆಯ ಕಡೆಗಿಟ್ಟು ಉಣ್ಣುವವರಿಗೆ ‘ಗಮನವಿಟ್ಟು ಉಣ್ಣು’ ಎಂದು ಹೇಗೆ ಹೇಳುವುದು? ಒಂದೇ ಪಂಕ್ತಿಯಲ್ಲಿ ಕೂರಲು ಬಿಡದೆ ಎಷ್ಟೋ ಜನರನ್ನು ಹೊರಗಿಟ್ಟ ಚರಿತ್ರೆಯೂ ಇದೇ ನೆಲದ್ದು. ಹಾಗಾಗಿ ಹಳೆಯ ಕಾಲಕ್ಕೆ ಹಿಂತಿರುಗೋಣ ಎಂದು ನಾನು ಹೇಳಲಾರೆ. ಈಗ ರಜೆಗೆ ಹೋದಾಗ ನಾನೋ ಅಪ್ಪನೋ ಬಡಿಸುತ್ತೇವೆ, ಅವ್ವ ಮೊದಲ ಪಂಕ್ತಿಯಲ್ಲಿ ಕೂರುತ್ತಾಳೆ. ಆರಂಭದಲ್ಲಿ ಅವಳಿಗೇ ಮುಜುಗರ. ಈಗ ‘ಸಾರಿಗೆ ಉಪ್ಪು ಒಂಚೂರು ಮುಂದಾಯ್ತು’ ಎಂದು ತಪ್ಪು ಹಿಡಿಯುವಷ್ಟು ಆರಾಮಾಗಿದ್ದಾಳೆ.

ಊರಿನಲ್ಲಿ ಅವ್ವ ಇರುವ ಹಾಗೆಯೇ ನಗರದಲ್ಲೂ ಜನರಿದ್ದಾರೆ. ನಮಗೆ ಬಿಸಿ ಬಿರಿಯಾನಿ ತಂದುಕೊಡುವ ಡೆಲಿವರಿ ಹುಡುಗ ತನ್ನ ಡಬ್ಬಿಯನ್ನು ಬೈಕಿನ ಸೀಟಿನ ಮೇಲಿಟ್ಟು, ಮುಂದಿನ ಆರ್ಡರ್ ಬಂತೇ ಎಂದು ಫೋನ್ ನೋಡುತ್ತಲೇ ಉಣ್ಣುತ್ತಾನೆ. ಅವನು ಫೋನ್ ನೋಡುವುದು ಚಟಕ್ಕಲ್ಲ. ಮೆಸ್‌ನ ಅಕ್ಕಂದಿರು ನಮ್ಮೆಲ್ಲರ ಊಟ ಮುಗಿದ ಮೇಲೆ ಎರಡೂವರೆಗೋ ಮೂರಕ್ಕೋ ಕೂರುತ್ತಾರೆ. ನೆಮ್ಮದಿಯಿಂದ ಉಣ್ಣಲು ಇಪ್ಪತ್ತು ನಿಮಿಷ ಇರುವುದೇ ಒಂದು ಸವಲತ್ತು ಎಂದಾದರೆ, ಆ ಸವಲತ್ತು ಇರುವವರು ಅದನ್ನು ಸ್ಕ್ರೀನಿಗೆ ಸುರಿಯುವುದು ಇನ್ನಷ್ಟು ಬೇಸರದ ಸಂಗತಿ. ಇಲ್ಲದವರಿಗೂ ಅದು ಸಿಗಲಿ ಎಂದು ಕೇಳುವುದು ನಮ್ಮದೇ ಕೆಲಸ.

ಗಮನ ಎಂದರೆ ಮೌನವ್ರತ ಎಂದೂ ಅಲ್ಲ. ಹರಟುತ್ತಾ ಉಣ್ಣುವುದು ನನಗಿಷ್ಟ. ಎದುರಿಗೆ ಕೂತವಳ ಜತೆ ಮಾತಾಡಿದರೆ ಊಟ ತಾನಾಗಿ ನಿಧಾನವಾಗುತ್ತದೆ, ‘ಇವತ್ತಿನ ಚಟ್ನಿ ಚೆನ್ನಾಗಿದೆ ಅಲ್ವಾ’ ಎಂಬ ಮಾತೂ ನಡುವೆ ಬರುತ್ತದೆ. ಬೆಂಗಳೂರಿನ ದರ್ಶಿನಿಗಳಲ್ಲಿ ನಿಂತುಕೊಂಡು ಹತ್ತೇ ನಿಮಿಷದಲ್ಲಿ ಇಡ್ಲಿ ವಡೆ ಮುಗಿಸುವವರಲ್ಲೂ, ಸಾಂಬಾರಿನ ಬಟ್ಟಲಿಗೆ ಬಗ್ಗಿ ಮೂಸಿ ಖುಷಿಪಡುವವರನ್ನು ನೋಡಿದ್ದೇನೆ. ಎಷ್ಟು ಹೊತ್ತು ಉಂಡೆವು ಎಂಬುದರಷ್ಟೇ ಆ ಹೊತ್ತಿನಲ್ಲಿ ಅಲ್ಲಿದ್ದೆವೋ ಇಲ್ಲವೋ ಎಂಬುದೂ ಮುಖ್ಯ. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ಓದುತ್ತಾ ಉಣ್ಣಲೇಬೇಕಾದ ದಿನಗಳೂ ಇರುತ್ತವೆ. ಇರಲಿ. ಆದರೆ ವರ್ಷದ 365 ದಿನವೂ ಪರೀಕ್ಷೆ ಇರುವುದಿಲ್ಲವಲ್ಲ.

ಹಾಗಾದರೆ ಏನು ಮಾಡಬಹುದು? ಕಾಲೇಜುಗಳಿಗೆ ನನ್ನ ಬೇಡಿಕೆ ಒಂದೇ. ಊಟದ ಬಿಡುವನ್ನು ಒಂದು ಗಂಟೆ ಮಾಡಿ. ಬೇಕಿದ್ದರೆ ಬೆಳಿಗ್ಗೆ ಕಾಲು ಗಂಟೆ ಬೇಗ ಶುರುವಾಗಲಿ, ನಾವು ಬರುತ್ತೇವೆ. ಎಲ್ಲ ವಿಭಾಗಗಳನ್ನೂ ಒಂದೇ ಹೊತ್ತಿಗೆ ಬಿಡುವ ಬದಲು ಎರಡು ಸರದಿ ಮಾಡಿದರೆ ಸಾಲೂ ಕರಗುತ್ತದೆ, ಅಕ್ಕಂದಿರಿಗೂ ಉಸಿರಾಡಲು ಆಗುತ್ತದೆ. ಮೆಸ್ ಸಮಿತಿಗಳಿಗೆ ಎರಡು ಸಲಹೆ: ಮೊದಲ ಸಲ ಬಡಿಸುವಾಗ ಸಣ್ಣ ಸೌಟು ಬಳಸಿ, ಎರಡನೇ ಸಲಕ್ಕೆ ಮುಜುಗರವಿಲ್ಲದೆ ಕೇಳುವಂತಿರಲಿ. ದೂರು ಪುಸ್ತಕದಲ್ಲಿ ‘ಸರಿ ಇಲ್ಲ’ ಎಂಬ ಪದವನ್ನು ನಿಷೇಧಿಸಿ, ಏನು ಸರಿ ಇಲ್ಲ ಎಂದು ಬರೆಯಲಿ. ಚೆನ್ನಾಗಿದ್ದ ದಿನ ಏನು ಚೆನ್ನಾಗಿತ್ತು ಎಂದೂ ಬರೆಯಲಿ. ಅದನ್ನು ಓದಿ ಹೇಳಿದಾಗ ಅಕ್ಕಂದಿರ ಮುಖ ನೋಡಬೇಕು.

ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು ಇನ್ನೂ ಚಿಕ್ಕದು. ಇಡೀ ಊಟಕ್ಕೆ ಫೋನ್ ಬಿಡಿ ಎಂದರೆ ನಾಳೆಯೇ ಸೋಲುತ್ತೇವೆ. ಮೊದಲ ಐದು ತುತ್ತು ಸಾಕು. ಫೋನು ಬ್ಯಾಗಿನಲ್ಲಿರಲಿ, ಐದು ತುತ್ತಿನಲ್ಲಿ ಇವತ್ತಿನ ಸಾರು ಯಾವುದು, ಪಲ್ಯದಲ್ಲಿ ಏನಿದೆ, ಉಪ್ಪು ಹುಳಿ ಹೇಗಿದೆ ಎಂದು ಗೊತ್ತಾದರೆ ಸಾಕು. ಆಮೇಲೆ ಬೇಕಿದ್ದರೆ ಸೀರೀಸ್ ನೋಡಿ. ಐದು ತುತ್ತು ದಾಟಿದ ಮೇಲೆ ಎಷ್ಟೋ ಸಲ ಫೋನ್ ತೆಗೆಯಬೇಕು ಎನಿಸುವುದೇ ಇಲ್ಲ ಎಂಬುದು ನನ್ನ ಅನುಭವ.

ಬೇರೆಲ್ಲ ತರಗತಿಗಳಲ್ಲಿ ಗೆಳತಿಯರು ಪ್ರಾಕ್ಸಿ ಕೊಟ್ಟು ಹಾಜರಾತಿ ಉಳಿಸಿಯಾರು. ಈ ಒಂದರಲ್ಲಿ ಅದು ನಡೆಯುವುದಿಲ್ಲ. ತುತ್ತನ್ನು ನಾವೇ ನುಂಗಬೇಕು.

(ಲೇಖಕಿ ಬಿಇ ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ)